ಟೀವಿಯವರಿಗೆ ನಾನು ಕೊಟ್ಟ ಕಾರಣ

ಹೆಬ್ಬಗೋಡಿಯಲ್ಲಿ ನನ್ನದೊಂದು ವಠಾರವಿದೆ. ಮೂರು ಅಂತಸ್ತು, ಹದಿನಾಲ್ಕು ಮನೆ. ಮನೆ ಎಂದರೆ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ ಕಟ್ಟೆ, ಹಿಂದೊಂದು ಬಚ್ಚಲು. ನಮ್ಮ ರಾಗಿ ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಉಳಿದ ತುಂಡು ಜಾಗದಲ್ಲಿ ಕಟ್ಟಿಸಿದ್ದು. ಗೇಟಿನ ಪಕ್ಕದ ಕೆಳಗಿನ ಮನೆಯಲ್ಲಿ ನಾನಿದ್ದೇನೆ. ಹೆಂಡತಿ ಹೋಗಿ ಎಂಟು ವರ್ಷವಾಯಿತು. ಮಕ್ಕಳಾಗಲಿಲ್ಲ. ಇಪ್ಪತ್ತೈದು ಜನರ ನಡುವೆ ಬದುಕುತ್ತೇನೆ ನಿಜ, ಆದರೆ ಅವರು ನನ್ನೊಡನೆ ಆಡುವ ಮಾತು ಒಂದೇ: "ಓನರ್, ನೀರು ಬಂದಿಲ್ಲ."

ಗೇಟಿನ ಒಳಗೋಡೆಯ ಮೇಲೆ ಒಂದು ಬೋರ್ಡಿದೆ. ಅದನ್ನು ಪೇಂಟರ್ ಕೈಲಿ ಬರೆಸಿದ್ದಲ್ಲ, ನಾನೇ ಬರೆದದ್ದು. ಶಾಲೆಯಲ್ಲಿ ನನ್ನ ಅಕ್ಷರವನ್ನು ಮೇಷ್ಟ್ರು ಎಲ್ಲರಿಗೂ ತೋರಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರಲ್ಲಿ ನಮ್ಮ ಬೀದಿಗೆ ನಾನೇ ಮೊದಲಿಗ. ಆ ಹೆಮ್ಮೆಯಲ್ಲೇ ಹಳದಿ ತಗಡಿನ ಮೇಲೆ ಕಪ್ಪು ಬಣ್ಣದಲ್ಲಿ ಬರೆದೆ: ನೀರನ್ನು ಮಿತವಾಗಿ ಬಳಸಿರಿ. ಬೈಕುಗಳನ್ನು ಸಾಲಾಗಿ ನಿಲ್ಲಿಸಿರಿ. ಒಂದು ಮನೆಗೆ ಇಬ್ಬರು ಮಾತ್ರ. ನೆಂಟರು ತಂಗುವಂತಿಲ್ಲ.

ನಮ್ಮಲ್ಲಿ ಬೋರ್‌ವೆಲ್ ಬತ್ತಿದೆ, ಟ್ಯಾಂಕರ್ ನೀರೇ ಗತಿ. ಹಾಗಾಗಿ ಈ ಕಡೆಯ ಎಲ್ಲ ಮಾಲೀಕರೂ ಇಂಥ ನಿಯಮ ಹಾಕುತ್ತಾರೆ. ಆದರೆ ನನ್ನಷ್ಟು ಬಿಗಿಯಾಗಿ ಹಿಡಿದವರು ಕಡಿಮೆ. ಮೊದಲ ಮಹಡಿಯಲ್ಲಿ ಒಬ್ಬಳು ಬಸುರಿ ಇದ್ದಳು. ಅವಳ ತಾಯಿ ರಾಯಚೂರಿನಿಂದ ಬಂದು ಎರಡು ವಾರ ಉಳಿದಾಗ, ಒಂದೋ ಅಮ್ಮನನ್ನು ಕಳಿಸು, ಇಲ್ಲವೇ ಮನೆ ಖಾಲಿ ಮಾಡು ಎಂದಿದ್ದೆ. ಅವರು ಖಾಲಿ ಮಾಡಿಕೊಂಡೇ ಹೋದರು. ಆ ಸುದ್ದಿ ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿರಲಿ ಎಂಬುದೇ ನನ್ನ ಆಸೆಯೂ ಆಗಿತ್ತು.

ಎರಡನೇ ಮಹಡಿಯ ಕೊನೆಯ ಮನೆಗೆ ಮುಳಬಾಗಿಲು ಕಡೆಯ ಗಂಡ ಹೆಂಡತಿ ಬಂದರು. ಅವನು ಮಿಲಿಟರಿಯಿಂದ ನಿವೃತ್ತಿಯಾಗಿ ಬಂದವನು, ಇನ್ನೂ ನಲವತ್ತು ದಾಟಿರಲಿಲ್ಲ. ಸ್ವಂತ ಲೈಸೆನ್ಸಿನ ಜೋಡುನಳಿಗೆ ಬಂದೂಕು ಇತ್ತು. ಅಂಥವರಿಗೆ ಈ ಕಡೆ ಗನ್‌ಮ್ಯಾನ್ ಕೆಲಸ ಬೇಗ ಸಿಗುತ್ತದೆ. ಒಂದು ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತಿದ್ದ. ಬೆಳಿಗ್ಗೆ ಏಳಕ್ಕೆ ಮುಂಚೆ ಬಂದೂಕನ್ನು ಖಾಕಿ ಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡು ಹೊರಟರೆ ಮರಳುವಾಗ ಕತ್ತಲಾಗುತ್ತಿತ್ತು. ಹೆಂಡತಿ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಅವರಿಗೆ ಏಳು ವರ್ಷದ ಮಗಳೊಬ್ಬಳಿದ್ದಳು. ಅವಳನ್ನು ಊರಲ್ಲಿ ಅಜ್ಜಿಯ ಹತ್ತಿರ, ಅಂದರೆ ಅವನ ತಾಯಿಯ ಹತ್ತಿರ ಬಿಟ್ಟಿದ್ದರು.

ನನ್ನ ಬಾಡಿಗೆದಾರರಲ್ಲಿ ಕೂತು ಮಾತಾಡಿದವನು ಅವನೊಬ್ಬನೇ. ಡ್ಯೂಟಿ ಮುಗಿಸಿ ಬಂದು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ. "ಏನೈತೆ ತಾತ ಪೇಪರಲ್ಲಿ?" ಎನ್ನುತ್ತಿದ್ದ. ನಾನು ಬೆಳಗಿನ ಪೇಪರನ್ನು ಎತ್ತಿಟ್ಟುಕೊಂಡಿದ್ದು ಅವನಿಗೆ ಓದಿ ಹೇಳುತ್ತಿದ್ದೆ. ಹತ್ತು ನಿಮಿಷ ಅಷ್ಟೇ. ಆ ಹತ್ತು ನಿಮಿಷಕ್ಕಾಗಿ ನಾನು ಮಧ್ಯಾಹ್ನದಿಂದಲೇ ಕಾಯುತ್ತಿದ್ದೆ ಎಂದು ಈಗ ಬರೆಯಲು ನಾಚಿಕೆಯಿಲ್ಲ.

ಅವಳು ವಾರಕ್ಕೊಮ್ಮೆ ಬಸ್ಸಾರೋ ಹುಳಿಸೊಪ್ಪೋ ಮಾಡಿದರೆ ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ತಂದುಕೊಡುತ್ತಿದ್ದಳು. ತವರಿನವರು ಮದುವೆಯಲ್ಲಿ ಕೊಟ್ಟ ಪಾತ್ರೆ, ತಳದಲ್ಲಿ ಹೆಸರು ಕೊರೆಸಿತ್ತು. ಯಾರದೇ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದನ್ನು ನನ್ನ ಹೆಂಡತಿ ಪಾಲಿಸುತ್ತಿದ್ದಳು. ನಾನೂ ತೊಳೆದು ಒಂದು ಹಿಡಿ ಸಕ್ಕರೆಯೋ ಒಂದು ಉಂಡೆ ಬೆಲ್ಲವೋ ಹಾಕಿ ಕೊಡುತ್ತಿದ್ದೆ. "ಅಯ್ಯೋ, ಇದೆಲ್ಲ ಯಾಕೆ ತಾತ" ಎಂದು ಪ್ರತಿ ಸಲವೂ ಅನ್ನುತ್ತಿದ್ದಳು, ಪ್ರತಿ ಸಲವೂ ತೆಗೆದುಕೊಳ್ಳುತ್ತಿದ್ದಳು.

ಆ ಚಳಿಗಾಲದಿಂದ ಒಬ್ಬ ಬೈಕಿನಲ್ಲಿ ಬರತೊಡಗಿದ. ಗಂಡ ಹೋದ ಒಂದು ಗಂಟೆಗೆ ಬರುತ್ತಿದ್ದ, ಗಂಡ ಬರುವುದಕ್ಕೆ ಎರಡು ಗಂಟೆ ಮುಂಚೆ ಹೋಗುತ್ತಿದ್ದ. ವಾರದಲ್ಲಿ ನಾಲ್ಕೈದು ದಿನ. ಬೈಕನ್ನು ಗೇಟಿನೊಳಗೆ ತರದೆ ಬೀದಿಯ ತುದಿಯಲ್ಲಿ ನಿಲ್ಲಿಸುತ್ತಿದ್ದ. ತಲೆಯ ಹೆಲ್ಮೆಟ್ಟನ್ನು ಮೆಟ್ಟಿಲು ಹತ್ತಿ ಮುಗಿಯುವವರೆಗೂ ತೆಗೆಯುತ್ತಿರಲಿಲ್ಲ. ನನ್ನ ಕಿಟಕಿಯ ಮುಂದೆ ಹಾಯುವಾಗ ಕಾಲಿನ ಸದ್ದು ಕೂಡ ಸಣ್ಣದಾಗುತ್ತಿತ್ತು.

ಯಾರಪ್ಪಾ ನೀನು ಎಂದು ಒಮ್ಮೆ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಹಗಲು ಬಂದು ಹಗಲೇ ಹೋಗುವವನು ತಂಗಿದ ಹಾಗಲ್ಲ, ನನ್ನ ಬೋರ್ಡಿನ ಪ್ರಕಾರ ತಪ್ಪಿಲ್ಲ ಎಂದುಕೊಂಡೆ. ಆದರೆ ಕೇಳದೇ ಇದ್ದದ್ದಕ್ಕೆ ನಿಜವಾದ ಕಾರಣ ಅದಲ್ಲ. ಅವನು ಯಾರೆಂದು ನಾನು ಆಗಲೇ ನಿರ್ಧಾರ ಮಾಡಿಬಿಟ್ಟಿದ್ದೆ. ಆ ನಿರ್ಧಾರ ನನಗೆ ರುಚಿಸಿತ್ತು. ಯಾರಿಗೂ ಗೊತ್ತಿಲ್ಲದ ಒಂದು ಗುಟ್ಟು ಕೈಯಲ್ಲಿದ್ದರೆ ಒಂಟಿ ಮನುಷ್ಯನಿಗೆ ಅದೂ ಒಂದು ಜೊತೆ.

ಬೇಸಿಗೆಯ ಒಂದು ಬೆಳಿಗ್ಗೆ ಹೊಸೂರು ರಸ್ತೆಯ ಕಡೆಯಿಂದ ಆಂಬುಲೆನ್ಸುಗಳ ಸದ್ದು ನಿಲ್ಲದೆ ಕೇಳಿತು. ಎದುರಿನ ಅಂಗಡಿಯವನು ಫೋನು ಹಿಡಿದುಕೊಂಡೇ ಓಡಿ ಬಂದ. "ಯಜಮಾನ್ರೇ, ನಿಮ್ ಗನ್‌ಮ್ಯಾನು! ಶಿಫ್ಟ್ ಬದಲಾಗೋ ಟೈಮಲ್ಲಿ ಜನಗಳ ಮೇಲೆ ಹಾರಿಸ್ಬಿಟ್ಟವ್ನೆ!" ಗೇಟಿನಲ್ಲಿ ಒಳಗೆ ಹೋಗುವವರು, ಹೊರಗೆ ಬರುವವರು ಸೇರಿದ್ದಾಗ ಮತ್ತೆ ಮತ್ತೆ ತೋಟಾ ತುಂಬಿ ಗುಂಡು ಹೊಡೆದಿದ್ದ. ಮೂವರು ಅಲ್ಲೇ ಸತ್ತರು. ಒಬ್ಬಳು ಆಸ್ಪತ್ರೆಯಲ್ಲಿ ಸತ್ತಳು. ಕೊನೆಯ ಗುಂಡನ್ನು ಅವನು ತನಗೇ ಹೊಡೆದುಕೊಂಡಿದ್ದ.

ಹಿಂದಿನ ಸಂಜೆ ಅವನು ನನ್ನ ಬೆಂಚಿನ ಮೇಲೆ ಕೂತಿದ್ದ. ಲೇಸು ಬಿಚ್ಚಿದ್ದ. ಪೇಪರಿನಲ್ಲಿ ಏನಿದೆ ಎಂದು ಮಾತ್ರ ಅಂದೂ ಕೇಳಿರಲಿಲ್ಲ.

ಪೊಲೀಸರು ಬಂದು ಅವನ ಹೆಂಡತಿಯನ್ನು ಕರೆದುಕೊಂಡು ಹೋದರು. ಕುಚ್ಚು ಕಟ್ಟುತ್ತಿದ್ದ ಸೀರೆ ಅವಳ ಸೊಂಟಕ್ಕೆ ಸಿಕ್ಕಿಕೊಂಡೇ ಇತ್ತು, ಮೆಟ್ಟಿಲಿಳಿಯುವಾಗ ಅದನ್ನು ಬಿಡಿಸಿ ಒಬ್ಬ ಲೇಡಿ ಕಾನ್‌ಸ್ಟೇಬಲ್ ಬಾಗಿಲೊಳಕ್ಕೆ ಎಸೆದಳು. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬಾ ಟೀವಿ ವ್ಯಾನುಗಳು.

ಮೈಕು ಹಿಡಿದವನು ಮೊಮ್ಮಗನ ವಯಸ್ಸಿನವನು. "ಸಾರ್, ಓನರ್ ನೀವೇನಾ? ಹೆಂಗಿದ್ರು ಸಾರ್ ಅವ್ರು?"

"ಒಳ್ಳೇ ಮನುಷ್ಯ. ಯಾರ ತಂಟೆಗೂ ಹೋದೋನಲ್ಲ."

"ಕುಡೀತಿದ್ರಾ?"

"ಇಲ್ಲಪ್ಪ."

"ಮನೇಲಿ ಗಲಾಟೆ? ಹೊಡೆದಾಟ? ಏನಾದ್ರೂ ಕೂಗಾಟ ಕೇಳಿಸ್ತಿತ್ತಾ?"

"ಏನೂ ಇರ್ಲಿಲ್ಲ."

ಅವನು ಮೈಕು ಕೆಳಗಿಳಿಸಿದ. ಕ್ಯಾಮೆರಾದವನ ಕಡೆ ತಿರುಗಿ, ನನಗೆ ಕೇಳಿಸುವ ಹಾಗೆಯೇ ಹೇಳಿದ: "ಇಲ್ಲೇನೂ ಸಿಗಲ್ಲ ಗುರು. ಆ ಅಂಗಡಿಯವನನ್ನ ಹಿಡಿ."

ಇಬ್ಬರೂ ಬೆನ್ನು ತಿರುಗಿಸಿದರು. ಎಂಟು ವರ್ಷದಲ್ಲಿ ಇಷ್ಟು ಜನ ನನ್ನ ಮುಖ ನೋಡಿರಲಿಲ್ಲ. ಇಷ್ಟು ಪ್ರಶ್ನೆಗಳನ್ನು ಯಾರೂ ಕೇಳಿರಲಿಲ್ಲ. ಅವರು ಎರಡು ಹೆಜ್ಜೆ ಹೋಗಿದ್ದರು.

"ಹಗಲೊತ್ತು ಒಬ್ಬ ಬರ್ತಿದ್ದ," ಎಂದೆ.

ಮೈಕು ತಿರುಗಿ ಬಂತು. ಈ ಸಲ ಅದು ಒಂದಲ್ಲ, ಐದಾರು. ಯಾರು ಬರುತ್ತಿದ್ದ, ಎಷ್ಟು ಹೊತ್ತಿಗೆ, ಎಷ್ಟು ದಿನದಿಂದ. ಹೆಲ್ಮೆಟ್ಟಿನ ವಿಷಯ ಹೇಳಿದೆ. ಗಂಡ ಹೋದ ಮೇಲೆ ಬರುತ್ತಿದ್ದ, ಗಂಡ ಬರುವ ಮುಂಚೆ ಹೋಗುತ್ತಿದ್ದ ಎಂದೆ. "ನಾನು ವಯಸ್ಸಾದವನು, ಇನ್ನೊಬ್ಬರ ಮನೆ ವಿಷಯ ನಮಗ್ಯಾಕೆ" ಎಂದೂ ಸೇರಿಸಿದೆ. ಆ ಮಾತು ಉಳಿದೆಲ್ಲಕ್ಕಿಂತ ಕೆಟ್ಟದ್ದು. ಅದರಿಂದಾಗಿ ನಾನು ಸಭ್ಯನ ಹಾಗೆ ಕಂಡೆ.

ಸಂಜೆಗೆ ನನ್ನ ಮುಖ ಎಲ್ಲ ಚಾನೆಲ್ಲುಗಳಲ್ಲೂ ಇತ್ತು. ಕೆಳಗೆ ದಪ್ಪ ಅಕ್ಷರದಲ್ಲಿ "ಹೆಲ್ಮೆಟ್ ಹಾಕಿದವನು ಯಾರು?" ಎಂದು ಬರುತ್ತಿತ್ತು. ಪ್ರಶ್ನೆಯ ಚಿಹ್ನೆ ಹಾಕಿದರೆ ಯಾರನ್ನು ಏನು ಬೇಕಾದರೂ ಅನ್ನಬಹುದು ಎಂದು ಅಂದು ತಿಳಿಯಿತು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು, ಮನಸ್ಸಿನ ಡಾಕ್ಟರು, ಒಬ್ಬ ಜ್ಯೋತಿಷಿ, ಒಬ್ಬ ವಕೀಲೆ ನಾಲ್ಕು ಚೌಕದೊಳಗೆ ಕೂತು ಚರ್ಚೆ ಮಾಡಿದರು. ಮಿಲಿಟರಿಯಲ್ಲಿ ಮನಸ್ಸು ಕೆಟ್ಟಿತ್ತೇ, ಹನ್ನೆರಡು ಗಂಟೆಯ ಡ್ಯೂಟಿಯೇ, ಮೇಲಿನವರ ಬೈಗುಳವೇ, ಹೆಂಡತಿಯೇ? ಯಾವ ದಾರಿ ಹಿಡಿದರೂ ಕೊನೆಗೆ ನನ್ನ ಮಾತಿಗೇ ಬಂದು ನಿಲ್ಲುತ್ತಿದ್ದರು. ವಕೀಲೆ ಮಾತ್ರ, "ಒಬ್ಬ ಮುದುಕ ಗೇಟಿನಲ್ಲಿ ಕೂತು ನೋಡಿದ್ದು ಸಾಕ್ಷಿಯಾಗುತ್ತದೆಯೇ? ಆ ಹೆಣ್ಣುಮಗಳ ಗತಿ ಏನು?" ಎಂದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಟೀವಿಗೇ ಉತ್ತರ ಕೊಟ್ಟೆ.

ಮರುದಿನ ಅರಳಿಕಟ್ಟೆಯ ಹತ್ತಿರದ ಟೀ ಅಂಗಡಿಯಲ್ಲಿ ನನಗೆ ಜಾಗ ಬಿಟ್ಟುಕೊಟ್ಟರು. ನನ್ನ ಹಾಗೆಯೇ ಹೊಲ ಹೋಗಿ ಬಾಡಿಗೆ ಮನೆ ಕಟ್ಟಿಸಿದ ಹಳಬರೇ ಅಲ್ಲಿ ಸೇರುವುದು.

"ದಿನಾ ಹನ್ನೆರಡು ಗಂಟೆ ನಿಲ್ಲಿಸಿದ್ರೆ ಯಾವನಿಗಾದ್ರೂ ತಲೆ ಕೆಡ್ತದೆ ಕಣಯ್ಯಾ," ಎಂದ ಒಬ್ಬ.

"ನಿಂತ್ಕಂಡ್ರೆ ತಲೆ ಕೆಡೋದಾದ್ರೆ ನಮ್ಮ ಎಮ್ಮೆ ಇಷ್ಟೊತ್ತಿಗೆ ಊರೇ ತೆಗೀಬೇಕಿತ್ತು," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. "ಕಾರಣ ಮನೇಲೇ ಇತ್ತಲ್ಲೋ. ನಮ್ ಯಜಮಾನ್ರು ಹೇಳಿಲ್ವಾ?"

"ನೀನು ಬಿಡಪ್ಪ, ಸ್ಟಾರ್ ಆಗೋದೆ," ಎಂದು ನನ್ನ ಬೆನ್ನಿಗೆ ಗುದ್ದಿದರು. ನಾನೂ ನಕ್ಕೆ.

ಸತ್ತವರಲ್ಲಿ ಒಬ್ಬಳು ಹಿಂದಿನ ಬೀದಿಯವಳು, ಕಾರ್ಖಾನೆಯಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದವಳು. ಅವಳ ಮನೆಯ ಮುಂದೆ ಯಾವ ವ್ಯಾನೂ ನಿಲ್ಲಲಿಲ್ಲ. ಅಲ್ಲಿ ಕೇಳಲು ಯಾವ ಪ್ರಶ್ನೆಯೂ ಇರಲಿಲ್ಲವಲ್ಲ. ನಾನೂ ಹೋಗಲಿಲ್ಲ. ಐದು ನಿಮಿಷದ ದಾರಿ.

ಮೂರು ವಾರದ ಮೇಲೆ ಗನ್‌ಮ್ಯಾನಿನ ಹೆಂಡತಿ ಮನೆ ಖಾಲಿ ಮಾಡಲು ಬಂದಳು. ಜೊತೆಗೆ ಹೆಲ್ಮೆಟ್ಟಿನವನೂ ಇದ್ದ. ಈಗಲೂ ತೆಗೆದಿರಲಿಲ್ಲ. ನಾನು ಗೇಟಿನಲ್ಲಿ ನಿಂತಿದ್ದೆ.

"ತಾತ, ಇವನು ನಮ್ಮಣ್ಣ," ಎಂದಳು.

ನಾನು ಹೆಲ್ಮೆಟ್ಟಿನವನ ಕಡೆ ತಿರುಗಿದೆ.

"ಒಡಹುಟ್ಟಿದ ಅಣ್ಣ. ಬೊಮ್ಮಸಂದ್ರದಲ್ಲಿ ನೈಟ್ ಶಿಫ್ಟು. ಅವನ ರೂಮಲ್ಲಿ ಎಂಟು ಜನ, ಹಗಲೊತ್ತು ನಿದ್ದೆ ಬರಲ್ಲ. ನಮ್ಮನೇಲಿ ಬಂದು ಮಲಕ್ಕೋ ಅಂತ ಹೇಳಿದ್ದೇ ನಮ್ಮ ಯಜಮಾನ್ರು. ನೀವು ನೋಡಿದ್ರೆ ಮೂರು ಜನ ಆದ್ರು ಅಂತ ಖಾಲಿ ಮಾಡಿಸ್ತೀರ ಅಂತ ಭಯ. ಹೆಲ್ಮೆಟ್ ತೆಗೀಬೇಡ ಭಾವ, ತಾತ ಮುಖ ಗುರ್ತಿಟ್ಕೊಂಡ್ಬಿಡ್ತಾರೆ ಅಂತ ಅವ್ರೇ ನಗ್ತಾ ಹೇಳ್ಕೊಟ್ಟಿದ್ರು."

ಆಗ ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. "ಮೊದಲೇ ಒಂದು ಮಾತು ಹೇಳ್ಬಾರ್ದಿತ್ತೇನಮ್ಮಾ?" ಎಂದೆ. ತಪ್ಪನ್ನು ಅವಳ ಮೇಲೇ ಹಾಕಿದೆ.

ಅವಳು ಗೋಡೆಯ ಬೋರ್ಡನ್ನು ನೋಡಿದಳು, ನನ್ನನ್ನು ನೋಡಿದಳು, ಮೇಲೆ ಹೋದಳು. ಇಬ್ಬರೂ ಹಾಸಿಗೆ, ಗ್ಯಾಸ್ ಒಲೆ, ನಾಲ್ಕು ಚೀಲ ಇಳಿಸಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದರು. ಅವರು ಹೋದ ಮೇಲೆ ನನ್ನ ಅಡುಗೆ ಕಟ್ಟೆಯ ಮೇಲೆ ಅವಳ ಮುಚ್ಚಳದ ಪಾತ್ರೆ ಕಂಡಿತು. ಗುಂಡು ಹಾರಿದ ವಾರವೇ ಬಸ್ಸಾರು ತಂದುಕೊಟ್ಟಿದ್ದಳು. ತೊಳೆದು ಬೋರಲು ಹಾಕಿದ್ದೆ.

ಪೊಲೀಸರಿಗೆ ಅವನು ಅಣ್ಣನೆಂದು ಎರಡೇ ದಿನದಲ್ಲಿ ತಿಳಿದಿತ್ತಂತೆ. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು. ದಿನಾ ಪೇಪರ್ ಓದುವ ನಾನು ಅದನ್ನು ನೋಡಿರಲಿಲ್ಲ. ಹುಡುಕಿ ಓದಿದೆ. ಟೀವಿಯಲ್ಲಿ ಅದು ಬರಲೇ ಇಲ್ಲ. ಮೈಕಿನವನು ಅಂದು ಕೊಟ್ಟಿದ್ದ ಕಾರ್ಡಿನ ನಂಬರಿಗೆ ಫೋನು ಮಾಡಿದೆ. "ಓ, ನೀವಾ ಸಾರ್? ಆ ಸ್ಟೋರಿ ಮುಗೀತು ಸಾರ್. ಈಗ ಬೇರೆ ಓಡ್ತಾ ಇದೆ," ಎಂದ. ಮರ್ಯಾದೆಯಿಂದಲೇ ಹೇಳಿದ. ಟೀ ಅಂಗಡಿಯಲ್ಲಿ ಹೇಳಿ ನೋಡಿದೆ. "ಅಣ್ಣ ಅಂತ ಅವಳು ಹೇಳಿದ್ಲು, ನೀನು ನಂಬ್ದೆ. ಮುದುಕ್ರಿಗೆ ಸಾರು ಕೊಟ್ರೆ ಸಾಕು ಬಿಡು," ಎಂದು ನಕ್ಕರು. ನಾನು ಎದ್ದು ಬಂದೆ. ಅಷ್ಟಕ್ಕೇ, ನನ್ನ ಕೈಲಾದದ್ದು ಮಾಡಿದೆ ಎಂದು ಸುಮ್ಮನಾದೆ. ಏಳು ತಿಂಗಳು ಸುಮ್ಮನಿದ್ದೆ. ಆ ಏಳು ತಿಂಗಳು ಸಂಜೆಯಾದರೆ ಪೇಪರನ್ನು ಮಡಿಸಿ ಬೆಂಚಿನ ಮೇಲಿಡುತ್ತಿದ್ದೆ. ಕತ್ತಲಾದ ಮೇಲೆ ಒಳಗೆ ತರುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಪಾತ್ರೆಗೆ ಸಕ್ಕರೆ ತುಂಬಿ ಚೀಲದಲ್ಲಿಟ್ಟುಕೊಂಡು ಹೊರಟೆ. ಅವಳು ಲಗ್ಗೆರೆಯಲ್ಲಿದ್ದಾಳೆ, ಪೀಣ್ಯದ ಗಾರ್ಮೆಂಟ್ಸಿಗೆ ಹೋಗುತ್ತಾಳೆ ಎಂದು ಕುಚ್ಚಿನ ಕೆಲಸ ಕೊಡುತ್ತಿದ್ದ ಅಂಗಡಿಯಾಕೆ ಹೇಳಿದ್ದರು. ಅಂದು ಭಾನುವಾರ. ಮೂರು ಬಸ್ಸು ಬದಲಾಯಿಸಿ ಹೋದೆ. ಇಕ್ಕಟ್ಟಿನ ಗಲ್ಲಿ, ನನ್ನಂಥವನೇ ಒಬ್ಬ ಕಟ್ಟಿಸಿದ ವಠಾರ. ಬಾಗಿಲಲ್ಲಿ ನಿಂತೇ ಮಾತಾಡಿಸಿದಳು. ಒಳಗೆ ಕರೆಯಲಿಲ್ಲ. ತೆಳ್ಳಗಾಗಿದ್ದಳು.

"ತಪ್ಪಾಯ್ತಮ್ಮಾ," ಎಂದೆ. "ಏನು ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ."

"ನನ್ನ ಹತ್ರ ಏನೂ ಹೇಳ್ಬೇಡಿ ತಾತ. ನನಗೆ ಗೊತ್ತಿರೋದನ್ನೇ ನನಗೆ ಹೇಳಿ ಏನು ಮಾಡ್ತೀರಿ?" ಎಂದಳು. ದನಿ ಏರಿಸಲಿಲ್ಲ. "ನನ್ನ ಮಗಳನ್ನ ಅತ್ತೆ ಕೊಡ್ತಿಲ್ಲ. ಇಂಥವಳ ಕೈಲಿ ಹೆಣ್ಣುಮಗು ಬೆಳೀಬಾರ್ದು ಅಂತಾರೆ. ನಮ್ಮಣ್ಣ ಹೋಗಿ ಆ ಹೆಲ್ಮೆಟ್ಟಿನವನು ನಾನೇ ಅಂದ. ಕಲ್ಲು ಹೊಡೆಸಿದ್ರು. ಫೋನಲ್ಲಿ ನಿಮ್ಮ ವೀಡಿಯೋ ಇಟ್ಕೊಂಡವ್ರೆ. ಊರೋರೆಲ್ಲ ಇಟ್ಕೊಂಡವ್ರೆ. ಎಲ್ಲಿ ಹೇಳ್ಬೇಕೋ ಅಲ್ಲಿ ಹೋಗಿ ಹೇಳಿ."

ಪಾತ್ರೆಯನ್ನು ಚಾಚಿದೆ. ಅವಳು ಮುಚ್ಚಳವನ್ನೂ ಎತ್ತಿ ನೋಡಲಿಲ್ಲ. "ಮೊದಲು ಆ ಕೆಲಸ ಮಾಡಿ. ಪಾತ್ರೆ ಅಲ್ಲೇ ಇರ್ಲಿ."

ಸಕ್ಕರೆ ಹೊತ್ತುಕೊಂಡು ಮತ್ತೆ ಮೂರು ಬಸ್ಸು ಹತ್ತಿ ಬಂದೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಎಲ್ಲರೂ ಕಾರಣ ಹುಡುಕುತ್ತಿದ್ದಾಗ ನನಗೆ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಅದನ್ನು ನಾನು ಟೀವಿಯವರಿಗೂ ಹೇಳಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಗುಂಡು ಹಾರಿಸುವ ಮುಂಚಿನ ತಿಂಗಳಲ್ಲಿ ಅವನು ಎರಡು ಸಲ ನನ್ನನ್ನು ಕೇಳಿದ್ದ. "ತಾತ, ಜೂನಿಂದ ಮಗಳನ್ನ ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಅವಳನ್ನ ಕರ್ಕೊಂಡ್ಬರ್ಲಾ? ಮೂರು ಜನ ಆಗ್ತೀವಿ." ಮೊದಲ ಸಲ ನೋಡೋಣ ಎಂದೆ. ಎರಡನೇ ಸಲ, ಮಳೆ ಬಂದು ಬೋರ್‌ವೆಲ್ಲಿಗೆ ನೀರಾಗಲಿ, ಈಗ ಬೇಡ ಎಂದೆ. ಒಬ್ಬನಿಗೆ ಒಪ್ಪಿದರೆ ಎಲ್ಲರಿಗೂ ಒಪ್ಪಬೇಕಾಗುತ್ತದೆ ಎಂದೂ ಹೇಳಿದೆ. ಅವನು "ಸರಿ ತಾತ" ಎಂದ. ಆ ಮೇಲೆಯೇ ಅವನು ಪೇಪರಿನಲ್ಲಿ ಏನಿದೆ ಎಂದು ಕೇಳುವುದನ್ನು ಬಿಟ್ಟದ್ದು. ಅಥವಾ ಅದಕ್ಕೂ ಮುಂಚೆಯೇ ಬಿಟ್ಟಿದ್ದನೋ, ನನಗೀಗ ನೆನಪು ಸರಿಯಾಗಿ ಹತ್ತುವುದಿಲ್ಲ.

ಅದೇ ಕಾರಣ ಎನ್ನುವುದಿಲ್ಲ. ಮನೆ ಮಾಲೀಕ ಬೇಡ ಎಂದದ್ದಕ್ಕೆ ಯಾರೂ ನಾಲ್ಕು ಜನರನ್ನು ಕೊಲ್ಲುವುದಿಲ್ಲ. ಅವನು ಯಾಕೆ ಹಾಗೆ ಮಾಡಿದ ಎಂದು ನನಗೆ ಗೊತ್ತಿಲ್ಲ, ಆ ನಾಲ್ಕು ಚೌಕದವರಿಗೂ ಗೊತ್ತಿರಲಿಲ್ಲ. ಆದರೆ ಅವಳ ಹೆಸರು ಕೆಡುವ ಮಾತನ್ನು ಕೂಗಿ ಕರೆದು ಹೇಳಿದ ನಾನು, ನನ್ನ ಹೆಸರು ಬರುವ ಮಾತನ್ನು ನುಂಗಿಕೊಂಡೆ. ನನ್ನ ಪಾಪ ಅದು.

ಹುಣಸೆಹಣ್ಣಿನ ಕಾಲದಲ್ಲಿ ಮುಳಬಾಗಿಲು ಬಸ್ಸು ಹತ್ತಿದೆ. ಬಾಡಿಗೆ ಕರಾರಿನ ಜೊತೆ ಕೊಟ್ಟಿದ್ದ ಆಧಾರ್ ಜೆರಾಕ್ಸಿನಲ್ಲಿ ಊರಿನ ವಿಳಾಸವಿತ್ತು. ಅವನ ತಾಯಿ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದಳು. ಮಗು ಶಾಲೆಗೆ ಹೋಗಿತ್ತು. ಆಕೆ ನನ್ನನ್ನು ನೋಡಿದ ಕೂಡಲೇ ಕೈಯಲ್ಲಿದ್ದ ಕೊಡತಿಯನ್ನು ಕೆಳಗಿಟ್ಟಳು.

"ನೀನು ಆ ಟೀವಿಯೋನಲ್ವಾ?"

"ಹೌದಮ್ಮಾ."

"ಬಾ, ಕುಂತ್ಕ," ಎಂದು ನೀರು ತಂದುಕೊಟ್ಟಳು. ನಾನು ಆಕೆಗೆ ಉಪಕಾರ ಮಾಡಿದವನೆಂಬಂತೆ ಉಪಚಾರ ಮಾಡಿದಳು. ಲೋಟವನ್ನು ಹಾಗೆಯೇ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಬಂದವನು ಅಣ್ಣನೇ, ಅವನನ್ನು ಬರಹೇಳಿದ್ದು ನಿನ್ನ ಮಗನೇ, ನನ್ನ ಬೋರ್ಡಿಗೆ ಹೆದರಿ ಮುಖ ಮುಚ್ಚಿಕೊಂಡದ್ದು, ನಾನು ಟೀವಿಯಲ್ಲಿ ಹೇಳಿದ್ದು ತಪ್ಪು.

ಆಕೆ ಬೀಜ ಬಿಡಿಸಿದ ಹಣ್ಣನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಅಂಗಾದ್ರೆ ನನ್ ಮಗ ಯಾಕ್ ಅಂಗ್ ಮಾಡ್ದ?"

"ಗೊತ್ತಿಲ್ಲಮ್ಮಾ."

"ಗೊತ್ತಿಲ್ಲ ಅನ್ನಾಕೆ ಇಷ್ಟು ದೂರ ಬಂದ್ಯಾ?" ಕೂಗಿಯೇ ಕೇಳಿದಳು. "ಅವ್ಳು ಕೆಟ್ಟೋಳಾದ್ರೆ ನನ್ ಮಗ ಮನ್ಸ. ಹೊಟ್ಟೆ ಉರಿದು ಮಾಡ್ದ ಅಂತೀನಿ. ಅವ್ಳು ಒಳ್ಳೇಳಾದ್ರೆ ನನ್ ಮಗ ಏನು? ಯೋಳು! ಆ ನಾಕು ಮನೆಯೋರು ಬಂದು ಕೇಳಿದ್ರೆ ನಾನು ಏನು ಯೋಳ್ಲಿ?"

ನಾನು ಕೊಟ್ಟ ಸುಳ್ಳು ಆಕೆಗೆ ಊರುಗೋಲಾಗಿತ್ತು. ಅದನ್ನೇ ಹಿಡಿದು ಇಷ್ಟು ದಿನ ಎದ್ದು ಓಡಾಡಿದ್ದಳು. ಈಗ ಅದನ್ನೂ ಕಿತ್ತುಕೊಳ್ಳಲು ನಾನೇ ಬಂದಿದ್ದೆ. ಒಂದು ಗಳಿಗೆ, ಸುಮ್ಮನೆ ಎದ್ದು ಹೋಗಿಬಿಡೋಣ ಎನ್ನಿಸಿತು. ಲಗ್ಗೆರೆಯ ಬಾಗಿಲು ಕಣ್ಣ ಮುಂದೆ ಬಂತು.

"ಕಾರಣ ನನಗೆ ಗೊತ್ತಿಲ್ಲ. ಆದ್ರೆ ಒಂದು ಗೊತ್ತು," ಎಂದೆ. "ಮಗೂನ ಹೆಬ್ಬಗೋಡಿಗೆ ಕರ್ಕೊಂಡು ಬರ್ತೀನಿ ಅಂತ ನಿನ್ನ ಮಗ ನನ್ನನ್ನ ಎರಡು ಸಲ ಕೇಳ್ದ. ನಾನು ಬೇಡ ಅಂದೆ. ಹೆಂಡ್ತಿ ಮೇಲೆ ಅನುಮಾನ ಇದ್ದೋನು ಮಗಳನ್ನ ತಂದು ಅವಳ ಮಡಿಲಿಗೆ ಹಾಕ್ತೀನಿ ಅಂತಾನಾ? ನೀನೇ ಹೇಳು."

ಆಕೆ ನನ್ನನ್ನು ನೋಡಿದಳು. "ಮಗಾನ ಕರ್ಕಂಡೋಗ್ತೀನಿ ಅಂದಿದ್ನಾ?"

"ಜೂನಿಂದ ಅಲ್ಲೇ ಸ್ಕೂಲಿಗೆ ಅಂತ."

"ನನ್ನತ್ರಾನೂ ಅಂದಿದ್ದ. ಹೊಸ ಬ್ಯಾಗು ತಂದಿಟ್ಟಿದ್ದ. ಆಮ್ಯಾಕೆ ಇನ್ನೂ ವಸಿ ದಿನ ಇರ್ಲಿ ಬಿಡವ್ವಾ ಅಂದ. ಯಾಕೆ ಅಂತ ಯೋಳ್ನಿಲ್ಲ."

"ನನ್ನಿಂದ," ಎಂದೆ.

ಆಕೆ ಕೊಡತಿ ಎತ್ತಿಕೊಂಡಾಗ ನನ್ನ ತಲೆಗೇ ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಆಕೆ ಹುಣಸೆಹಣ್ಣನ್ನೇ ಬಡಿಯತೊಡಗಿದಳು. "ನನ್ನತ್ರ ಯೋಳಿದ್ರೆ ಏನು ಬಂತು? ಊರೆಲ್ಲ ಫೋನಾಗೆ ಮಡಿಕ್ಕಂಡವ್ರೆ. ಕಟ್ಟೆತಾವ ಹೋಗಿ ಯೋಳು."

ಹೋದೆ. ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವರ ಮುಂದೆ ನಿಂತು, ನಾನೇ ಆ ಟೀವಿಯವನು ಎಂದೆ. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಒಬ್ಬ ಫೋನು ಎತ್ತಿ ವೀಡಿಯೋ ಹಿಡಿದ. ಈ ಸಲ ಕ್ಯಾಮೆರಾ ನೋಡಿ ನನಗೆ ಭಯವಾಯಿತು.

"ಆವತ್ತು ಕಾಸು ಕೊಟ್ಟು ಯೋಳ್ಸಿದ್ರಾ, ಇವತ್ತು ಕಾಸು ಕೊಟ್ಟು ಯೋಳ್ಸವ್ರಾ ತಾತ?" ಎಂದ ಒಬ್ಬ.

"ಎರಡು ಸಲಾನೂ ಯಾರೂ ಕೊಡಲಿಲ್ಲಪ್ಪ. ಆವತ್ತು ನಾನೇ ಬಾಯಿ ಚಪಲಕ್ಕೆ ಹೇಳಿದ್ದು."

"ನಿನ್ ಚಪಲಕ್ಕೆ ಒಂದು ಸಂಸಾರನೇ ತೆಗೆದ್ಯಲ್ಲೋ ಮುದ್ಕ," ಎಂದ ಇನ್ನೊಬ್ಬ. ಉಳಿದವರು ಎಲೆ ಹಾಕುವುದನ್ನು ನಿಲ್ಲಿಸಿದ್ದರು. ದೂರದಲ್ಲಿ ಗೋಡೆಗೆ ಒರಗಿಕೊಂಡು ಆಕೆ ನಿಂತಿದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಗುವನ್ನು ಕಳಿಸುತ್ತೇನೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ಬಸ್ಸು ಬರುವವರೆಗೆ ಒಬ್ಬನೇ ನಿಂತಿದ್ದೆ.

ಹೆಬ್ಬಗೋಡಿಗೆ ಮರಳಿದ ಮೇಲೆ ಹಿಂದಿನ ಬೀದಿಗೆ ಹೋದೆ. ನೆಲ ಒರೆಸುತ್ತಿದ್ದವಳ ಗಂಡ ಬಾಗಿಲು ತೆರೆದ. ವರ್ಷವಾಗುತ್ತ ಬಂದಿತ್ತು. "ಏನು ವಿಷಯ ಯಜಮಾನ್ರೇ?" ಎಂದ. ಏನೂ ಇಲ್ಲ, ಸುಮ್ಮನೆ ಬಂದೆ ಎಂದೆ. ಅವನು ಚಾಪೆ ಹಾಕಿದ. ಇಬ್ಬರೂ ಕೂತೆವು.

ಯುಗಾದಿ ಕಳೆದು ಎರಡು ವಾರವಾಗಿತ್ತು. ಬೆಳಿಗ್ಗೆ ಒಂದು ಬೈಕು ಬೀದಿಯ ತುದಿಯಲ್ಲಿ ನಿಲ್ಲದೆ ನೇರ ಗೇಟಿನೊಳಗೆ ಬಂತು. ಸವಾರ ಇಳಿದು ಹೆಲ್ಮೆಟ್ ತೆಗೆದ. ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ನಲವತ್ತರ ಆಸುಪಾಸು, ಮುಂದಲೆ ಬೋಳು, ಕಣ್ಣುಗಳು ಥೇಟ್ ತಂಗಿಯವೇ. ನೋಡಿದ ಯಾರಿಗಾದರೂ ಒಡಹುಟ್ಟಿದವರೆಂದು ಗೊತ್ತಾಗುತ್ತಿತ್ತು.

"ಮಗು ಲಗ್ಗೆರೆಗೆ ಬಂದೈತೆ," ಎಂದ. "ಅಜ್ಜೀನೇ ಕರ್ಕೊಂಡ್ಬಂದು ಬಿಟ್ಟು ಹೋದ್ರು."

ಬೆಂಚನ್ನು ತೋರಿಸಿದೆ. ಅವನು ಕೂರಲಿಲ್ಲ.

"ನನ್ ತಂಗಿ ಪಾತ್ರೆ ಇಸ್ಕೊಂಡ್ಬಾ ಅಂದ್ಲು."

ಒಳಗೆ ಹೋಗಿ ಪಾತ್ರೆ ತೆಗೆದೆ. ಜನವರಿಯಲ್ಲಿ ತುಂಬಿದ್ದ ಸಕ್ಕರೆ ಗಟ್ಟಿಯಾಗಿತ್ತು. ಅದನ್ನು ಕೆದಕಿ ತೆಗೆದು, ತೊಳೆದು, ಒರೆಸಿ, ಡಬ್ಬಿಯಿಂದ ಹೊಸ ಸಕ್ಕರೆಯನ್ನು ಹಿಡಿ ತುಂಬ ತೆಗೆದುಕೊಂಡೆ. ಅವನು ಬಾಗಿಲಿಗೆ ಬಂದು ನಿಂತಿದ್ದ.

"ಏನೂ ಹಾಕ್ಬೇಡಿ. ಖಾಲೀನೇ ತರೋಕೆ ಹೇಳವ್ಳೆ."

ಕೊಟ್ಟೆ. ಅವನು ಪಾತ್ರೆಯನ್ನು ತಿರುಗಿಸಿ ತಳದ ಹೆಸರನ್ನು ನೋಡಿಕೊಂಡು ಬೈಕಿನ ಚೀಲಕ್ಕೆ ಹಾಕಿದ. ಗೇಟು ದಾಟಿದ ಮೇಲೆ ಹೆಲ್ಮೆಟ್ ಹಾಕಿಕೊಂಡ. ಬೈಕಿನ ಸದ್ದು ಹೊಸೂರು ರಸ್ತೆಯಲ್ಲಿ ಸೇರಿಹೋಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಮುಷ್ಟಿಯಲ್ಲಿದ್ದ ಸಕ್ಕರೆ ಬೆವರಿಗೆ ಅಂಟಿಕೊಂಡಿತ್ತು. ಒಳಗೆ ಹೋಗಿ ಅದನ್ನು ಮತ್ತೆ ಡಬ್ಬಿಗೆ ಹಾಕಿದೆ.